ಗುಡ್ಡೆಯ ಲೆಕ್ಕ: ಪುತ್ತೂರು, ಸುಳ್ಯ, ಕಡಬದ ಕಾಡು, ನೆಡುತೋಪು ಮತ್ತು ಇಂಗಾಲ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗುಡ್ಡೆಗಳಲ್ಲಿ ಮರಗಳನ್ನು ಲೆಕ್ಕಕ್ಕೆ ಹಿಡಿಯುವ ಕೆಲಸ ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ನಡೆದಿದೆ. ಲೆಕ್ಕಕ್ಕೆ ಸಿಕ್ಕಿದ್ದು ಮಾತ್ರ ಕಾಲಕಾಲಕ್ಕೆ ಬೇರೆಯಾಗಿದೆ. ಮೊದಲು ಕಂದಾಯ, ಆಮೇಲೆ ನಾಟ, ಸ್ವಾತಂತ್ರ್ಯಾನಂತರ ಗೇರುಬೀಜ ಮತ್ತು ರಬ್ಬರು, ಈಗ ಇಂಗಾಲ. ಯಾವ ಕಾಲದಲ್ಲಿ ಏನನ್ನು ಎಣಿಸಿದರೋ ಗುಡ್ಡೆಯ ಮೇಲೆ ಅದಕ್ಕೆ ತಕ್ಕ ಮರವೇ ಉಳಿಯಿತು ಅಥವಾ ಬಂತು. ಇಂಗಾಲದ ಈಗಿನ ಅಂದಾಜುಗಳನ್ನು ಈ ಹಳೆಯ ಲೆಕ್ಕಗಳ ಮುಂದುವರಿಕೆಯಾಗಿ ನೋಡಿದರೆ ಅವುಗಳ ಬಲವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಈ ಸೀಮೆಯ ಪೂರ್ವದ ಅಂಚಿನಲ್ಲಿ ಸುಬ್ರಹ್ಮಣ್ಯದ ಕಾಡುಗಳೂ 1,712 ಮೀಟರ್ ಎತ್ತರದ ಕುಮಾರಪರ್ವತವೂ ಬಿಸಿಲೆ, ಶಿರಾಡಿ ಘಾಟಿಗಳೂ ಇವೆ. ಪಶ್ಚಿಮಕ್ಕೆ ಸರಿದಂತೆ ನೆಲ ತಗ್ಗಿ, ಪುತ್ತೂರಿನ ಸುತ್ತ ಮುರಕಲ್ಲಿನ ಬೋಳುಗುಡ್ಡೆಗಳೂ ಅವುಗಳ ನಡುವೆ ಬೈಲುಗಳೂ ಕಾಣುತ್ತವೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿದರೆ, ಸುಳ್ಯದ ಪಯಸ್ವಿನಿ ಕಾಸರಗೋಡಿನ ಕಡೆ ಹರಿದು ಚಂದ್ರಗಿರಿಯಾಗುತ್ತದೆ. ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳು 1834ರವರೆಗೆ ಕೊಡಗಿನ ಅರಸರ ಕೈಯಲ್ಲಿದ್ದವು. ಆ ವರ್ಷ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು 1837ರ ಅಮರ ಸುಳ್ಯ ದಂಗೆಯ ಕಾರಣಗಳಲ್ಲೊಂದು. ಮುಂದೆ ಈ ಭಾಗವೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯ ಉಪ್ಪಿನಂಗಡಿ ತಾಲೂಕಾಯಿತು. ಪುತ್ತೂರು ತಾಲೂಕು ಎಂಬ ಹೆಸರು ಬಂದದ್ದು ಆಮೇಲೆ. ಸುಳ್ಯ ಅದರಿಂದ ಬೇರೆಯಾಯಿತು, ಕಡಬ ತೀರಾ ಈಚೆಗೆ ಎರಡೂ ತಾಲೂಕುಗಳ ಗ್ರಾಮಗಳನ್ನು ಕೂಡಿಸಿಕೊಂಡು ತಾಲೂಕಾಯಿತು.

ಕಂದಾಯದ ಕಣ್ಣಿಗೆ ಕಾಡು ಮೊದಲು ಬಿದ್ದದ್ದು ಕುಮೇರಿಯ ಮೂಲಕ. ಬೇಸಿಗೆಯಲ್ಲಿ ಗುಡ್ಡದ ಒಂದು ತುಂಡನ್ನು ಸವರಿ, ಒಣಗಿದ ಮೇಲೆ ಸುಟ್ಟು, ಮಳೆ ಹಿಡಿಯುವ ಹೊತ್ತಿಗೆ ಬೂದಿಯಲ್ಲಿ ರಾಗಿ, ಭತ್ತ ಬಿತ್ತುವ ಪದ್ಧತಿ ಅದು. ಒಂದೆರಡು ಬೆಳೆಯ ನಂತರ ಆ ಜಾಗವನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದರು. ಹಲವು ವರ್ಷ ಹಾಗೇ ಬಿಟ್ಟರೆ ಕಾಡು ಮತ್ತೆ ಮೇಲೇಳುತ್ತಿತ್ತು. 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮೇರಿಯನ್ನು ಬೆಲೆಬಾಳುವ ನಾಟದ ನಾಶವೆಂದೇ ಕಂಡ. 1860ರಲ್ಲಿ ಮದರಾಸು ಸರಕಾರ ಅನುಮತಿಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮೇರಿ ಮಾಡುವುದನ್ನು ನಿಷೇಧಿಸಿತು. ಸುಟ್ಟ ಮರದಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತು, ಮತ್ತೆ ಬೆಳೆದ ಕಾಡು ಎಷ್ಟನ್ನು ಹಿಂದಕ್ಕೆ ಹೀರಿತು ಎಂದು ಆಗ ಯಾರೂ ಕೇಳಲಿಲ್ಲ, ಕೇಳುವ ಕಾರಣವೂ ಇರಲಿಲ್ಲ. ಆದರೆ ನಷ್ಟವನ್ನು ಮಾತ್ರ ಬರೆದು ಮರುಬೆಳವಣಿಗೆಯನ್ನು ಬಿಡುವ ಅಭ್ಯಾಸ ಅಲ್ಲಿಂದಲೇ ಕಡತಗಳಿಗೆ ಅಂಟಿಕೊಂಡಿತೆನ್ನಬಹುದು.

ಕುಮೇರಿ ಹೋದರೂ ಕುಮ್ಕಿ ಉಳಿಯಿತು. ಈ ಸೀಮೆಯ ಕಾಡಿನ ಚರಿತ್ರೆಯಲ್ಲಿ ಕುಮ್ಕಿಯಷ್ಟು ಮುಖ್ಯವೂ ಗೋಜಲೂ ಆದ ಸಂಗತಿ ಮತ್ತೊಂದಿಲ್ಲ. ಫಸಲಿ 1276ಕ್ಕೆ, ಅಂದರೆ 1866ಕ್ಕೆ ಮೊದಲೇ ಇದ್ದ ಕದೀಂ ವರ್ಗ (ಹಳೆಯ ಕಂದಾಯ ಹಿಡುವಳಿ) ಜಮೀನಿನ ಅಂಚಿನಿಂದ ಸುಮಾರು ನೂರು ಗಜದೊಳಗಿನ ಸರಕಾರಿ ನೆಲದಲ್ಲಿ ವರ್ಗದಾರನಿಗೆ ಸೊಪ್ಪು, ತರಗೆಲೆ, ಕಟ್ಟಿಗೆ, ಹುಲ್ಲು ಮತ್ತು ಕೃಷಿಗೆ ಬೇಕಾದ ಮರ ತೆಗೆಯುವ ಸವಲತ್ತು ಸಿಕ್ಕಿತು, ಅದೇ ಕುಮ್ಕಿ. ನೆಲ ಸರಕಾರದ್ದು, ಸೊಪ್ಪು ವರ್ಗದಾರನದು. ಬೈಲಿನ ಗದ್ದೆ, ಮಜಲಿನ ಅಡಿಕೆ ತೋಟ ಮತ್ತು ಗುಡ್ಡೆಯ ಕುಮ್ಕಿ ಒಂದೇ ಬೇಸಾಯದ ಮೂರು ತುಂಡುಗಳಾಗಿದ್ದವು. ಗುಡ್ಡೆಯಿಂದ ಇಳಿದ ಸೊಪ್ಪು ಹಟ್ಟಿಯಲ್ಲಿ ದನಗಳ ಕಾಲಡಿ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿತ್ತು. ಸೊಪ್ಪಿಗಾಗಿ ವರ್ಷವರ್ಷವೂ ಕೊಂಬೆ ಕಡಿಸಿಕೊಂಡ ಮರುವ, ಉಪ್ಪಳಿಗೆಯಂಥ ಮರಗಳು ಗಿಡ್ಡವಾಗಿ, ಗಂಟುಗಂಟಾಗಿ ನಿಂತವು. ನಾಟದ ಲೆಕ್ಕದಲ್ಲಿ ಇವಕ್ಕೆ ಬೆಲೆಯೇ ಇಲ್ಲ. ಇಂಗಾಲದ ಲೆಕ್ಕದಲ್ಲೂ ಇವು ಹೆಚ್ಚು ತೂಗುವುದಿಲ್ಲ, ಏಕೆಂದರೆ ಆ ಗುಡ್ಡೆ ಕೊಟ್ಟದ್ದೆಲ್ಲ ವರ್ಷವರ್ಷ ತೋಟದ ಮಣ್ಣಿಗೆ ಹೋಗಿದೆ. ಗುಡ್ಡೆಯನ್ನು ಒಂದು ಕಡೆ, ತೋಟವನ್ನು ಒಂದು ಕಡೆ ಅಳೆದರೆ ಎರಡರ ಲೆಕ್ಕವೂ ತಪ್ಪುತ್ತದೆ.

1882ರ ಮದರಾಸು ಅರಣ್ಯ ಕಾಯ್ದೆಯ ನಂತರ ಸುಬ್ರಹ್ಮಣ್ಯದ ಕಡೆಯ ದೊಡ್ಡ ಕಾಡುಗಳು ಗಡಿಕಲ್ಲು ನೆಟ್ಟ ಮೀಸಲು ಅರಣ್ಯಗಳಾದವು. ಅರಣ್ಯತಜ್ಞ ಡೀಟ್ರಿಚ್ ಬ್ರಾಂಡಿಸ್ ಮದರಾಸು ಪ್ರಾಂತ್ಯದ ಅರಣ್ಯಾಡಳಿತಕ್ಕೆ ಸಲಹೆಗಳನ್ನು ಬರೆದುಕೊಟ್ಟದ್ದೂ ಆ ವರ್ಷಗಳಲ್ಲೇ. ಅಲ್ಲಿಂದ ಕಾಡಿನ ಭಾಷೆ ಘನ ಅಡಿಯದಾಯಿತು. ಕಡಿದ ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ನಾಟದ ಡಿಪೋಗಳ ರೂಢಿ. ಸುತ್ತಳತೆ 4 ಅಡಿ, ಉದ್ದ 10 ಅಡಿಯ ದಿಮ್ಮಿ ಈ ಲೆಕ್ಕದಲ್ಲಿ ಸರಿಯಾಗಿ 10 ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿರುವುದು ಸುಮಾರು 12.7 ಘನ ಅಡಿ ಮರ. ಕೊಯ್ಯುವಾಗ ಹಲಗೆಯಾಗದೆ ಹೋಗುವ ಸಿಪ್ಪೆ, ಅಂಚುಗಳನ್ನು ಸೂತ್ರ ಮೊದಲೇ ಕಳೆದುಬಿಡುತ್ತದೆ. ವ್ಯಾಪಾರಕ್ಕೆ ಇದು ಜಾಣ ಲೆಕ್ಕ. ಆದರೆ ಕೊಂಬೆ, ಬೇರು, ಎಲೆ, ಪೊದೆ, ಬಿದ್ದ ಮರಗಳಂತೆ ಐದರಲ್ಲೊಂದು ಪಾಲು ಕಾಂಡವೂ ಕಡತದಿಂದ ಹೊರಗುಳಿಯಿತು. ತೇಗ, ಬೀಟೆ, ಕಿರಾಲುಬೋಗಿಗಳಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಧೂಪ, ರೆಂಜೆ, ಪುನರ್ಪುಳಿ, ರಾಮಪತ್ರೆಗಳು ಬಹುಮಟ್ಟಿಗೆ ಕಿರು ಉತ್ಪನ್ನಗಳ ಪುಟದಲ್ಲೋ ‘ಇತರೆ’ ಎಂಬ ಸಾಲಿನಲ್ಲೋ ಉಳಿದವು.

ಕಾಡಿನ ಮೇಲಿನ ಬೇಡಿಕೆ ಬರೀ ನಾಟದ್ದಾಗಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಡದಲ್ಲಿ ಗೂಡುಗಳು ಒಂದೊಂದಾಗಿ ಎದ್ದವು. ಅವಕ್ಕೆಲ್ಲ ಕಟ್ಟಿಗೆ ಬೇಕಿತ್ತು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು. ಒಳನಾಡಿನಲ್ಲಿ ತೋಟ ಮಾಡುವವರೂ ಕಾಡಿನೊಳಗೆ ಇನ್ನಷ್ಟು ದೂರ ಸಾಗಿದರು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕುಮಾರಪರ್ವತದ ತಪ್ಪಲಿನಲ್ಲಿ ಕಾಡನ್ನು ಅಡಿಕೆ ತೋಟವಾಗಿಸುವ ಇಂಥ ಸಾಹಸದ ಕಥೆ. ಮರ ಕಡಿದವನನ್ನು ನಾಡು ಹೊಗಳುತ್ತಿದ್ದ ಕಾಲ ಅದು, ಆ ಹೊಗಳಿಕೆಗೆ ಕಾರಣವೂ ಇತ್ತು. ಹುಲಿ, ಆನೆ, ಚಳಿಜ್ವರಗಳ ನಡುವೆ ಒಂದು ಎಕರೆ ತೋಟ ಎಬ್ಬಿಸುವುದು ಸುಲಭದ ಮಾತಲ್ಲ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಹೊತ್ತಿಗೆ ದೇಶದ ಅರಣ್ಯ ನೀತಿಯೂ (1952) ಕಾಡನ್ನು ಕೈಗಾರಿಕೆಯ ಕಚ್ಚಾವಸ್ತುವಾಗಿ ನೋಡುತ್ತಿತ್ತು. ಬೋಳುಗುಡ್ಡೆಗಳಲ್ಲಿ ಅರಣ್ಯ ಇಲಾಖೆ ಗೇರು ನೆಟ್ಟಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ ಇಲ್ಲಿ ಎರಡನೇ ಸಲ, ಈ ಬಾರಿ ಸರಕಾರದ ಕೈಯಿಂದ, ಗುಡ್ಡೆ ಹತ್ತಿತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿ ಈ ನೆಡುತೋಪುಗಳನ್ನು ವಹಿಸಿಕೊಂಡಿತು. 1986ರಲ್ಲಿ ಪುತ್ತೂರಿನಲ್ಲೇ ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ತಳಿ, ಕಸಿ, ಇಳುವರಿಯ ಕೆಲಸದ ಜೊತೆಗೆ ಗೇರುತೋಟ ಎಷ್ಟು ಇಂಗಾಲ ಹಿಡಿದಿಡುತ್ತದೆ ಎಂಬುದನ್ನೂ ಅಲ್ಲಿನ ವಿಜ್ಞಾನಿಗಳು ಅಳೆದಿದ್ದಾರೆ. ಒತ್ತೊತ್ತಾಗಿ ನೆಟ್ಟ ತೋಟ ಮೊದಲ ವರ್ಷಗಳಲ್ಲಿ ಅಗಲಕ್ಕೆ ನೆಟ್ಟ ತೋಟಕ್ಕಿಂತ ಎಕರೆಗೆ ಹೆಚ್ಚು ಇಂಗಾಲ ಕಟ್ಟುತ್ತದೆ ಎಂಬುದು ಆ ಅಧ್ಯಯನಗಳ ಮುಖ್ಯ ಫಲ.

ಗೇರಿನ ಅದೇ ನೆಡುತೋಪುಗಳು ಇನ್ನೊಂದು ಲೆಕ್ಕವನ್ನೂ ಬಿಟ್ಟುಹೋಗಿವೆ. ಟೀ ಸೊಳ್ಳೆ ಎಂಬ ಕೀಟವನ್ನು ತಡೆಯಲು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕಾಸರಗೋಡಿನಂತೆ ಇಲ್ಲೂ ಸುತ್ತಲ ಗ್ರಾಮಗಳ ಬಾವಿ, ತೋಡು, ಅಂಗಳಗಳ ಮೇಲೆ ಅದು ಬಿತ್ತು. ಹುಟ್ಟಿನಿಂದಲೇ ಅಂಗವೈಕಲ್ಯಕ್ಕೆ ಒಳಗಾದವರ ಆರೈಕೆಗಾಗಿ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಈಗ ಕಡಬಕ್ಕೆ ಸೇರಿರುವ ಕೊಯಿಲದಲ್ಲೂ ಕೇಂದ್ರಗಳು ಬಂದವು. ಸುಪ್ರೀಂ ಕೋರ್ಟು 2011ರಲ್ಲಿ ಈ ಕೀಟನಾಶಕವನ್ನು ತಡೆಯಿತು. ಮರ ನೆಟ್ಟದ್ದರ ‘ಪರಿಸರ ಲಾಭ’ವನ್ನು ಎಣಿಸುವ ಯಾವ ಕೋಷ್ಟಕದಲ್ಲೂ ಇದಕ್ಕೊಂದು ಕಾಲಂ ಇರಲಿಲ್ಲ. ಹೆಕ್ಟೇರಿಗೆ ಇಷ್ಟು ಟನ್ ಎಂಬ ಅಂಕಿಯನ್ನು ಓದುವಾಗ ನೆನಪಿಡಬೇಕಾದ ಮಾತಿದು.

ರಬ್ಬರಿನ ಹಿಂದೆ ಇನ್ನೊಂದು ದೇಶದ ಕಥೆಯಿದೆ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಶ್ರೀಲಂಕಾದ ತೋಟಗಳಲ್ಲಿ ದುಡಿಯುತ್ತಿದ್ದ 5,25,000 ಮಂದಿ ತಮಿಳರನ್ನು ಭಾರತ ಕರೆಸಿಕೊಳ್ಳಬೇಕಿತ್ತು. ಹೀಗೆ ಬಂದವರಲ್ಲಿ ಒಂದು ಪಾಲಿಗೆ ಸುಳ್ಯ, ಪುತ್ತೂರು ಕಡೆ ಕೆಲಸ ಕೊಡಲು ಕಾಡು ಸವರಿ ರಬ್ಬರ್ ನೆಡಲಾಯಿತು. 1971ರಲ್ಲಿ ಆರಂಭವಾದ, ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮವೆನಿಸಿರುವ ಸಂಸ್ಥೆಯ ರಬ್ಬರ್ ತೋಟಗಳು ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ವಿಸ್ತಾರಕ್ಕೆ ಬೆಳೆದವು. ಲೈನ್ ಮನೆಗಳಲ್ಲಿ ನೆಲೆಸಿದ ಕುಟುಂಬಗಳು ನಸುಕಿನಲ್ಲೇ ಮರ ಕೆತ್ತಿ, ಗೆರಟೆಯಲ್ಲಿ ಹಾಲು ಹಿಡಿದು, ಶೀಟು ಮಾಡುವ ಕಸುಬನ್ನು ಈ ಸೀಮೆಯಲ್ಲಿ ಬೇರೂರಿಸಿದವು. ಕೇರಳದಿಂದ ಬಂದ ಕೃಷಿಕರೂ ಊರಿನ ಅಡಿಕೆ ಬೆಳೆಗಾರರೂ ಖಾಸಗಿ ಜಾಗದಲ್ಲಿ ರಬ್ಬರ್ ಹಬ್ಬಿಸಿದರು. ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಮುರಕಲ್ಲಿನ ಗುಡ್ಡೆಗಳಿಗೆ ಬಂತು. ಬೇಗ ಬೆಳೆಯಿತು, ದನ ತಿನ್ನಲಿಲ್ಲ, ಅದರ ಎಲೆ ಹಟ್ಟಿಗೂ ಹೆಚ್ಚು ಒದಗಲಿಲ್ಲ.

ಮರಕ್ಕೂ ಹವಾಮಾನಕ್ಕೂ ಲೆಕ್ಕದ ಗಂಟು ಬಿದ್ದದ್ದು ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರ ನೆಟ್ಟು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಭೌತವಿಜ್ಞಾನಿ ಫ್ರೀಮನ್ ಡೈಸನ್ 1977ರಲ್ಲಿ ಎತ್ತಿದ. 1980ರ ದಶಕದ ಕೊನೆಗೆ ಅಮೆರಿಕದ ವಿದ್ಯುತ್ ಕಂಪನಿಯೊಂದು ತನ್ನ ಕಲ್ಲಿದ್ದಲು ಸ್ಥಾವರದ ಹೊಗೆಗೆ ಬದಲಾಗಿ ಗ್ವಾಟೆಮಾಲಾದಲ್ಲಿ ಮರ ಬೆಳೆಸಲು ಹಣ ಕೊಟ್ಟಿತು. 1997ರ ಕ್ಯೋಟೊ ಒಪ್ಪಂದ ಇದನ್ನು ಅಂತರರಾಷ್ಟ್ರೀಯ ನಿಯಮದೊಳಗೆ ತಂದಿತು. ಐದು ಕಡೆ ಇಂಗಾಲವನ್ನು ಎಣಿಸುವುದು ರೂಢಿಯಾಯಿತು: ನೆಲದ ಮೇಲಿನ ಮರ, ಬೇರು, ಸತ್ತ ಮರ, ತರಗು, ಮಣ್ಣು.

ಅಳತೆಯ ಕ್ರಮ ಹೀಗೆ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ. ತೇಗದ ಮರವೊಂದರ ಸುತ್ತಳತೆ 126 ಸೆಂ.ಮೀ. ಎಂದಾದರೆ ವ್ಯಾಸ 40 ಸೆಂ.ಮೀ. ಎತ್ತರ 20 ಮೀಟರ್ ಇದ್ದು, ಮೇಲೆ ಹೋದಂತೆ ಸಪೂರವಾಗುವ ಕಾಂಡವನ್ನು ಸಮ ಕಂಬದ ಅರ್ಧವೆಂದು ಹಿಡಿದರೆ ಸುಮಾರು 1.25 ಘನ ಮೀಟರ್. ಘನ ಮೀಟರಿಗೆ 600 ಕಿಲೋ ಒಣ ತೂಕದಂತೆ 750 ಕಿಲೋ. ಕೊಂಬೆ, ಎಲೆಗೆಂದು ನೂರಕ್ಕೆ ಮೂವತ್ತು, ಬೇರಿಗೆಂದು ಅದರ ಮೇಲೆ ಕಾಲು ಪಾಲು ಸೇರಿಸಿದರೆ 1,220 ಕಿಲೋ ಆಸುಪಾಸು. ಒಣ ಮರದಲ್ಲಿ ನೂರಕ್ಕೆ 47 ಭಾಗ ಇಂಗಾಲ, ಆದ್ದರಿಂದ 570 ಕಿಲೋ. ಇಂಗಾಲವನ್ನು ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಲು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಎರಡು ಟನ್ನಿಗೆ ತುಸು ಹೆಚ್ಚು. ಹತ್ತಾರು ವರ್ಷಗಳಲ್ಲಿ ಆ ಮರ ಗಾಳಿಯಿಂದ ಹಿಡಿದದ್ದು ಇಷ್ಟು. ಈ ಸರಪಣಿಯಲ್ಲಿ ನಿಜವಾಗಿ ಅಳೆದದ್ದು ಸುತ್ತಳತೆ ಮತ್ತು ಎತ್ತರ ಎರಡೇ, ಉಳಿದವೆಲ್ಲ ಗುಣಕಗಳು. ಭಾರತದಲ್ಲಿ ಬಳಕೆಯಲ್ಲಿರುವ ಘನಗಾತ್ರದ ಸಮೀಕರಣಗಳು ಬಹುಪಾಲು ನಾಟದ ಅಂದಾಜಿಗೆಂದೇ ತಯಾರಾದವು. ಹಳೆಯ ಡಿಪೋ ಬಿಟ್ಟುಬಿಟ್ಟಿದ್ದ ಕೊಂಬೆ, ಬೇರುಗಳನ್ನು ಇಂಗಾಲದ ಲೆಕ್ಕಿಗ ಗುಣಾಕಾರದಿಂದ ಹಿಂದಕ್ಕೆ ತರುತ್ತಾನೆ.

ಈ ಸೂತ್ರಗಳು ತೇಗಕ್ಕೆ ಒಗ್ಗಿದಷ್ಟು ಇಲ್ಲಿನ ಬೇರೆ ಮರಗಳಿಗೆ ಒಗ್ಗುವುದಿಲ್ಲ. ಕೆತ್ತಿಸಿಕೊಳ್ಳುವ ರಬ್ಬರ್ ಮರ ಕೆತ್ತದ ಮರಕ್ಕಿಂತ ನಿಧಾನವಾಗಿ ದಪ್ಪಗಾಗುತ್ತದೆ, ಅದರ ಹಾಲಿನಲ್ಲಿ ಹೋದ ಇಂಗಾಲ ಟಯರಿನಲ್ಲಿರುತ್ತದೆ. ಅಡಿಕೆ ತಾಳೆಯ ಜಾತಿ. ಹೊರಗೆ ಗಟ್ಟಿ ಸಲಕೆ, ಒಳಗೆ ಮೆದು ತಿರುಳು. ಅಡಿಕೆ ಒಂದು ಎತ್ತರಕ್ಕೆ ಬಂದ ಮೇಲೆ ದಪ್ಪವಾಗುವುದೂ ಇಲ್ಲ, ಹಾಗಾಗಿ ಸುತ್ತಳತೆಯಿಂದ ಅದರ ವಯಸ್ಸಾಗಲಿ ತೂಕವಾಗಲಿ ಸಿಗದು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ತುಂಬಿದ ಹಸಿರು.

ಉಪಗ್ರಹದ ಮಾತು ಸಣ್ಣದಲ್ಲ. 1981ರಲ್ಲಿ ಸ್ಥಾಪನೆಯಾದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಎರಡೆರಡು ವರ್ಷಕ್ಕೊಮ್ಮೆ ದೇಶದ ಅರಣ್ಯ ಸ್ಥಿತಿಯ ವರದಿ ಪ್ರಕಟಿಸುತ್ತಿದೆ. ಅದರ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾಗಿ, ನೂರಕ್ಕೆ ಹತ್ತು ಭಾಗ ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆ. ಒಡೆಯ ಯಾರು, ಮರ ಯಾವುದು ಎಂಬುದು ಮುಖ್ಯವಲ್ಲ. ಸುಬ್ರಹ್ಮಣ್ಯದ ನಿತ್ಯಹರಿದ್ವರ್ಣ ಕಾಡು, ಸುಳ್ಯದ ರಬ್ಬರು, ಪುತ್ತೂರಿನ ಗೇರು, ಬೈಲಿನ ಅಡಿಕೆ ಎಲ್ಲವೂ ಒಂದೇ ಮೊತ್ತಕ್ಕೆ ಕೂಡುತ್ತವೆ. ಹೀಗಾಗಿ ಕಾಡು ಕಡಿದು ತೋಟ ಮಾಡಿದ ಗ್ರಾಮವೂ ನಕ್ಷೆಯಲ್ಲಿ ಹಸಿರಾಗಿಯೇ ಉಳಿಯಬಹುದು. 2023ರ ವರದಿಯ ಪ್ರಕಾರ ದೇಶದ ಕಾಡುಗಳ ಒಟ್ಟು ಇಂಗಾಲ 7,285.5 ದಶಲಕ್ಷ ಟನ್. 2030ರೊಳಗೆ 2.5ರಿಂದ 3 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡಿನಷ್ಟು ಹೆಚ್ಚುವರಿ ಸಂಗ್ರಹ ಮಾಡುವುದಾಗಿ ಭಾರತ ಪ್ಯಾರಿಸ್ ಒಪ್ಪಂದದಡಿ ಮಾತು ಕೊಟ್ಟಿದೆ. ಆ ಮೊತ್ತದಲ್ಲಿ ಯಾವ ಬಗೆಯ ಮರ ಎಷ್ಟಿರಬೇಕೆಂಬುದಕ್ಕೆ ಕಟ್ಟುಪಾಡಿಲ್ಲ.

ಹಳೆಯ ಕಾಡು ಬ್ಯಾಂಕಿನ ಠೇವಣಿ, ಎಳೆಯ ನೆಡುತೋಪು ತಿಂಗಳ ಸಂಬಳ. ವರ್ಷದ ಹೀರಿಕೆಯನ್ನಷ್ಟೇ ನೋಡಿದರೆ ಅಕೇಶಿಯಾ ಗೆಲ್ಲುತ್ತದೆ, ಒಟ್ಟು ಸಂಗ್ರಹ ನೋಡಿದರೆ ಬಿಸಿಲೆಯ ಕಾಡಿನ ಹತ್ತಿರ ಅದು ಸುಳಿಯದು. ನೆಡುತೋಪಿನ ಲಾಭವನ್ನು ಹೇಳುವಾಗ ಮೊದಲು ಅಲ್ಲೇನಿತ್ತು ಎಂದು ಕೇಳಲೇಬೇಕು. ಬೋಳು ಮುರಕಲ್ಲಿನ ಪದವಿನಲ್ಲಿ ಬಂದ ಗೇರು ನಿಜಕ್ಕೂ ಹೆಚ್ಚುವರಿ. ಕಾಡು ಸವರಿ ಬಂದ ರಬ್ಬರು ಹಲವು ವರ್ಷ ಸಾಲ ತೀರಿಸುತ್ತಲೇ ಇರುತ್ತದೆ, ತೀರುವ ಹೊತ್ತಿಗೆ ಮೂವತ್ತರ ಆಸುಪಾಸಿನಲ್ಲಿ ಅದನ್ನು ಕಡಿಯುವ ಕಾಲ ಬರುತ್ತದೆ. ಕಡಿದ ಮರ ಪೀಠೋಪಕರಣವಾದರೆ ಇಂಗಾಲ ಇನ್ನಷ್ಟು ವರ್ಷ ಕೂತಿರುತ್ತದೆ, ಪ್ಯಾಕಿಂಗ್ ಪೆಟ್ಟಿಗೆಯಾದರೆ ಬೇಗ ಹೊಗೆಯಾಗುತ್ತದೆ. ಒಂದು ಗುಡ್ಡೆಗೆ ಬೇಲಿ ಹಾಕಿ ಸಸಿ ನೆಟ್ಟಾಗ ಸೊಪ್ಪಿಗೆ ಹೋಗುತ್ತಿದ್ದವರು ಪಕ್ಕದ ಗುಡ್ಡೆಗೆ ಹೋಗುತ್ತಾರೆ. ನೆಟ್ಟ ಗುಡ್ಡೆಯ ಗಳಿಕೆಯಿಂದ ಪಕ್ಕದ ಗುಡ್ಡೆಯ ನಷ್ಟವನ್ನು ಕಳೆಯಬೇಕು. ನಿಯಮಗಳಲ್ಲಿ ಇದಕ್ಕೆ ಜಾಗವಿದೆ, ಪಕ್ಕದ ಗುಡ್ಡೆಯನ್ನು ಅಳೆಯಲು ಹಣ ಅಪರೂಪ.

ಇಂಗಾಲವಲ್ಲದ ಲಾಭಗಳಲ್ಲಿ ಈ ಸೀಮೆಯವರಿಗೆ ಮುಟ್ಟುವುದು ನೀರು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿ.ಮೀ. ಮಳೆ ಸುರಿದೂ ಏಪ್ರಿಲಿಗೆ ತೋಡು ಬತ್ತುವ ಊರುಗಳಿವು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ಸುರಂಗಗಳು, ತೋಡಿಗೆ ಅಡ್ಡ ಹಾಕುವ ಕಟ್ಟಗಳು, ಗುಡ್ಡೆಯ ಮೇಲಿನ ಮದಕಗಳು ಎಲ್ಲವೂ ಮೇಲಿನ ನೆಲ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ನಂಬಿವೆ. ಉತ್ತರ ಕನ್ನಡದಲ್ಲಿ ಸಂಶೋಧಕ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಸಹಜ ಕಾಡು, ಹಾಳುಬಿದ್ದ ಕಾಡು, ಅಕೇಶಿಯಾ ನೆಡುತೋಪುಗಳ ಕಿರುಜಲಾನಯನಗಳನ್ನು ಹೋಲಿಸಿದ್ದಾರೆ. ಹಾಳುಬಿದ್ದ ನೆಲಕ್ಕಿಂತ ಸಹಜ ಕಾಡು ಮಳೆನೀರನ್ನು ಚೆನ್ನಾಗಿ ಇಂಗಿಸುತ್ತದೆಂದು ಅದರಿಂದ ತಿಳಿದುಬಂತು. ನೆಡುತೋಪು ಕೂಡ ಮಣ್ಣನ್ನು ಕಾಲಕ್ರಮೇಣ ಸಡಿಲಗೊಳಿಸುತ್ತದೆ, ಆದರೆ ಬೇಗ ಬೆಳೆಯುವ ಮರ ಕುಡಿಯುವ ನೀರೂ ಹೆಚ್ಚು. ಒಂದೇ ನೆಡುತೋಪು ಇಂಗಾಲದ ಲೆಕ್ಕದಲ್ಲಿ ಜಮೆಯಾಗಿ, ಬೇಸಿಗೆಯ ನೀರಿನ ಲೆಕ್ಕದಲ್ಲಿ ಖರ್ಚಾಗಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲ ಕಡೆ ಗುಡ್ಡ ಕುಸಿದು ಜನ ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಬಂದಾಗ, 2022ರಲ್ಲಿ ಕಲ್ಮಕಾರು, ಕೊಲ್ಲಮೊಗ್ರದಲ್ಲಿ ನೀರು ನುಗ್ಗಿದಾಗ, ಇಳಿಜಾರಿನಲ್ಲಿ ಯಾವ ಮರ ನಿಂತಿರಬೇಕೆಂಬುದು ಮನೆಮನೆಯ ಚರ್ಚೆಯಾಗಿತ್ತು.

ಈ ಎಲ್ಲವನ್ನು ರೂಪಾಯಿಗೆ ಇಳಿಸುವ ಪ್ರಯತ್ನ ನ್ಯಾಯಾಲಯದ ಮೂಲಕ ಬಂತು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ನೇತೃತ್ವದ ಸಮಿತಿಯ ಅಧ್ಯಯನದ ಬೆನ್ನಿಗೆ ಸುಪ್ರೀಂ ಕೋರ್ಟು 2008ರಲ್ಲಿ ಅರಣ್ಯ ಭೂಮಿಯ ನಿವ್ವಳ ಪ್ರಸ್ತುತ ಮೌಲ್ಯವನ್ನು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ಗೊತ್ತುಪಡಿಸಿತು. ನಾಟ, ಕಟ್ಟಿಗೆ, ಮೇವು, ಪ್ರವಾಸದ ಜೊತೆ ಇಂಗಾಲಕ್ಕೂ ಆ ಅಧ್ಯಯನದಲ್ಲಿ ಪಾಲಿತ್ತು. ಕಾಡು ಪಡೆದ ಯೋಜನೆ ಈ ಬಗೆಯ ಮೌಲ್ಯ ಕಟ್ಟಿ ಬೇರೆಡೆ ಸಸಿ ನೆಡಬೇಕು. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಎಣಿಕೆ ಇನ್ನೂ ಸರಳ. ರೈತ ನೆಟ್ಟದ್ದನ್ನು ಬಿಟ್ಟು ಬದುಕಿದ್ದನ್ನು ಎಣಿಸಿ, ಸಸಿಗೆ ಇಷ್ಟೆಂದು ಮೂರು ವರ್ಷ ಹಣ ಕೊಡುತ್ತಾರೆ. ಹಳದಿ ಎಲೆ ರೋಗದಿಂದ ಅಡಿಕೆ ಸೊರಗಿದ ಸಂಪಾಜೆ, ಮರ್ಕಂಜದಂಥ ಊರುಗಳ ಕೃಷಿಕರು ಬದಲಿ ಬೆಳೆ ಹುಡುಕುವಾಗ ಇಂಥ ಯೋಜನೆಗಳೂ ಕಣ್ಣಮುಂದಿರುತ್ತವೆ.

2023ರಲ್ಲಿ ಕೇಂದ್ರ ಸರಕಾರ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನೂ, ಗಿಡ ನೆಡುವುದಕ್ಕೆ ಹಸಿರು ಕ್ರೆಡಿಟ್ ಕೊಡುವ ಇನ್ನೊಂದನ್ನೂ ಪ್ರಕಟಿಸಿತು. ಸ್ವಂತ ಪಟ್ಟಾ ಜಾಗದ ಮರಕ್ಕೆ ಒಡೆಯ ಯಾರೆಂಬುದು ಸ್ಪಷ್ಟ. ಕುಮ್ಕಿಯಲ್ಲಿ ಹಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿ ಮತ್ತು ಅದೇ ಬಗೆಯ ಕಾನೆ, ಬಾಣೆ ಜಾಗಗಳ ಹಳೆಯ ಸವಲತ್ತುಗಳನ್ನು ಮುಂದುವರಿಸಿದೆ. ಆ ಸವಲತ್ತುಗಳಲ್ಲಿ ಸೊಪ್ಪಿದೆ, ಕಟ್ಟಿಗೆಯಿದೆ, ಹುಲ್ಲಿದೆ, ನೇಗಿಲು ನೊಗಕ್ಕೆ ಬೇಕಾದ ಮರವಿದೆ. ಅದೇ ಮರದೊಳಗಿನ ಇಂಗಾಲ ಸರಕಾರದ್ದೋ ವರ್ಗದಾರನದೋ ಎಂಬುದು ಅಲ್ಲಿ ಬರೆದಿಲ್ಲ.